ಭೀಮಣ್ಣನ ಮೂವತ್ತಾರು

ಭೀಮರಾಜ್ ಎಂದು ಕೇಳಿದರೆ ಕರೇನಹಳ್ಳಿಯಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಮೇಸ್ತ್ರಿ ಭೀಮಣ್ಣ ಎನ್ನಬೇಕು. ಆಗ ಮಗ್ಗದ ಸದ್ದಿನ ನಡುವೆಯೇ ಯಾರಾದರೊಬ್ಬರು ಕೈ ಚಾಚಿ ಮೂರನೇ ತಿರುವು ಎಂದು ತೋರಿಸುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟವರಿಗೆಲ್ಲ ಒಬ್ಬ ಮೇಸ್ತ್ರಿ ಬೇಕು. ಮಗ್ಗ ಕೂರಿಸುವುದು, ಕೆಟ್ಟರೆ ಸರಿಮಾಡುವುದು ಅವನ ಕೆಲಸ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಟೈಮಿಂಗ್ ಹಿಡಿಯುವುದು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ಬಿಟ್ಟ ಗಳಿಗೆಗೆ ಸರಿಯಾಗಿ ಅಡ್ಡನೂಲಿನ ಲಾಳಿ ಆ ಕಡೆಯಿಂದ ಈ ಕಡೆ ಹಾಯಬೇಕು. ಒಂಚೂರು ಮುಂಚೆ ಹೊರಟರೆ ಎಳೆ ಕತ್ತರಿಸುತ್ತದೆ, ಒಂಚೂರು ತಡವಾದರೆ ಲಾಳಿ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಭೀಮಣ್ಣನ ಅಪ್ಪ ರಾಗಿ ಬೆಳೆಯುತ್ತಿದ್ದವರು. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋದಾಗ ಭೀಮಣ್ಣ ಹದಿನೆಂಟನೇ ವಯಸ್ಸಿಗೆ ಮಗ್ಗದ ಮನೆ ಸೇರಿದರು. ಮೇಸ್ತ್ರಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ತಮ್ಮದೇ ಎರಡು ಮಗ್ಗ ಕೂರಿಸಿಕೊಂಡರು. ಈಗ ಅವರಿಗೆ ಐವತ್ತೆರಡು.

ನಾನು ವಿಜಯ್. ಡಿ ಕ್ರಾಸ್ ಕಡೆ ಹೋಗುವ ರಸ್ತೆಯಲ್ಲಿ ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನನ್ನ ಬಾಯಿ ಸರಿಯಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಗಿರಾಕಿ ಎರಡು ಸಲ ಒಂದೇ ಮಾತು ಕೇಳಿದರೆ ಸಿಡುಕುತ್ತೇನೆ. ಫೋನ್ ನೀರಿಗೆ ಬೀಳಿಸಿಕೊಂಡು ಬಂದು ಬೀಳಿಸಲಿಲ್ಲ ಎನ್ನುವವರನ್ನು ಮುಖದ ಮೇಲೇ ಸುಳ್ಳ ಅಂದವನು ನಾನು. ಅಂಥ ಸತ್ಯವಂತ! ಭೀಮಣ್ಣನ ಬಗ್ಗೆ ಬರೆಯಲು ಕೂತಾಗೆಲ್ಲ ಆ ಮಾತು ನೆನಪಾಗಿ ಬರೆಯುವ ಕೈ ನಿಂತುಬಿಡುತ್ತದೆ. ಆದರೂ ಬರೆದು ಮುಗಿಸುತ್ತೇನೆ.

ಮೂವತ್ತು ಚಿಲ್ಲರೆ ವರ್ಷ ಮಗ್ಗದ ಸದ್ದಿನಲ್ಲಿ ಕಳೆದು ಭೀಮಣ್ಣನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಅಷ್ಟೋ ಇಷ್ಟೋ ಉಳಿದಿತ್ತು. ಆದರೆ ಅವರ ಬೀದಿಯಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ, ಯಾಕೆಂದರೆ ಮಗ್ಗದ ಮನೆಯೊಳಗೆ ಯಾರೂ ಕಿವಿಯಿಂದ ಮಾತು ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಮಗ್ಗದ ಸದ್ದು ಕೇಳಿ ಟೈಮಿಂಗ್ ಹಿಡಿಯುತ್ತಿದ್ದ ಮನುಷ್ಯ ಕೆಲವು ವರ್ಷಗಳಿಂದ ಅಂಗೈಯನ್ನು ಮಗ್ಗದ ಚೌಕಟ್ಟಿನ ಮೇಲಿಟ್ಟು ಅದರ ನಡುಕದಿಂದಲೇ ಹಿಡಿಯುತ್ತಿದ್ದರು. ಇದು ಅವರ ಹೆಂಡತಿ ನರಸಮ್ಮನವರಿಗೆ ಗೊತ್ತಿತ್ತು, ಆಮೇಲೆ ನನಗೆ ಗೊತ್ತಾಯಿತು. ಗೊತ್ತಿದ್ದೂ ನಾನು ಮಾಡಿದ್ದನ್ನು ಮುಂದೆ ಹೇಳುತ್ತೇನೆ.

ಅವರು ಮೊದಲು ನನ್ನ ಅಂಗಡಿಗೆ ಬಂದದ್ದು ಯಾವುದೋ ಮಗ್ಗದ ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿಗೆ. ಆ ಹೊತ್ತಿಗೆ ನಾನು ಒಂದು ಗೇಮ್ ಮೆಷಿನ್ ಮುಂದಿಟ್ಟುಕೊಂಡು ಅದರ ಏಳು ತಲೆಮಾರನ್ನೂ ಬೈಯುತ್ತಿದ್ದೆ. ಕೈಯಲ್ಲಿ ಹಿಡಿದು ಆಡುವ ಮೆಷಿನ್ ಅದು. ಎರಡೂ ಪಕ್ಕ ಗುಂಡಿಗಳು, ನಡುವೆ ಪರದೆ, ಒಳಗೆ ಪುಟ್ಟ ಕಂಪ್ಯೂಟರ್. ಬೆಂಗಳೂರಿನ ಕೆಲವರು ಅದನ್ನು ಇನ್ನಷ್ಟು ಚುರುಕು ಮಾಡಿಕೊಡಿ ಎಂದು ನನ್ನ ಹತ್ತಿರ ತರುತ್ತಿದ್ದರು. ಒಳಗಿನ ಮೆಮೊರಿ ಚಿಪ್ಪು, ಕೇಳಿದ್ದನ್ನು ಎತ್ತಿಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂಬುದಕ್ಕೆ ಒಂದು ನಂಬರ್ ಇರುತ್ತದೆ. ಕಂಪನಿಯವರು ಜಾಗ್ರತೆಗೆಂದು ದೊಡ್ಡ ನಂಬರ್ ಇಟ್ಟು ಕಳಿಸಿರುತ್ತಾರೆ. ಅದನ್ನು ಇಳಿಸಿದರೆ ಚಿಪ್ಪು ಬೇಗ ಬೇಗ ಕೊಡುತ್ತದೆ, ಗೇಮ್ ತಡವರಿಸದೆ ಓಡುತ್ತದೆ. ಅತಿಯಾಗಿ ಇಳಿಸಿದರೆ ಅವಸರದಲ್ಲಿ ಉಪ್ಪು ಕೇಳಿದವರಿಗೆ ಸೋಡಾ ಪುಡಿ ಕಟ್ಟಿಕೊಟ್ಟ ಅಂಗಡಿಯವನ ಹಾಗೆ ತಪ್ಪು ಕೊಡುತ್ತದೆ. ಕೆಲವೊಮ್ಮೆ ತಕ್ಷಣ ನಿಂತುಹೋಗುತ್ತದೆ. ಕೆಲವೊಮ್ಮೆ ಏನೂ ಆಗದಂತೆ ಓಡುತ್ತಲೇ ಒಳಗೊಳಗೆ ತಪ್ಪು ಬರೆಯುತ್ತಾ ಹೋಗುತ್ತದೆ. ಎರಡನೆಯದೇ ಅಪಾಯ.

ನಾನು ಅವತ್ತು ಆ ನಂಬರನ್ನು ಒಂದೇ ಸಲಕ್ಕೆ ನಾಲ್ಕೈದು ಇಳಿಸಿ, ಮೆಷಿನ್ ಏಳದೆ, ತಲೆ ಕೆಡಿಸಿಕೊಂಡಿದ್ದೆ. ಭೀಮಣ್ಣ ಇದೇನು ಎಂದು ಕೇಳಿದರು. ಹೇಳಿದೆ. ಅವರು ನಕ್ಕುಬಿಟ್ಟರು.

"ಇದು ನಮ್ ಮಗ್ಗದ್ ಕೆಲ್ಸಾನೇ ಕಣಪ್ಪಾ ವಿಜಿ. ಒಂದು ಹಲ್ಲು ತಿರುಗ್ಸು, ಒಂದು ಗಜ ನೇಯ್ದು ನೋಡು, ಆಮೇಲೆ ಇನ್ನೊಂದು ಹಲ್ಲು. ನೀನು ನಾಕು ಹಲ್ಲು ಒಂದೇ ಸಲ ತಿರುಗ್ಸಿದ್ರೆ ಅದು ನಿನ್ ಮಾತು ಯಾಕ್ ಕೇಳ್ತದೆ?"

ಅಲ್ಲಿಂದ ಶುರುವಾಯಿತು. ಸಂಜೆ ಕೆಲಸ ಮುಗಿಸಿ ಅಂಗಡಿಗೆ ಬರುವರು, ಸ್ಟೂಲ್ ಎಳೆದುಕೊಂಡು ಕೂರುವರು. ಗೇಮ್ ಅವರು ಒಂದು ದಿನವೂ ಆಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ನಂಬರ್ ಇಳಿಸುವ ಆ ಕೆಲಸ. ಒಂದೇ ಒಂದು ಇಳಿಸಿ ಟೆಸ್ಟ್ ಓಡಿಸುವರು. ಮೆಮೊರಿಗೆ ಬರೆದು, ಮತ್ತೆ ಓದಿ, ಎಷ್ಟು ಕಡೆ ತಪ್ಪಿದೆ ಎಂದು ಎಣಿಸುವ ಪ್ರೋಗ್ರಾಂ ಅದು. ನಾನು ಅರ್ಧ ಗಂಟೆ ಸಾಕು ಎನ್ನುತ್ತಿದ್ದೆ. ಅವರದು ಮೂರು ದಿನದ ಲೆಕ್ಕ. ಮೂರು ದಿನ ಓಡಿ ಒಂದೂ ತಪ್ಪು ಬರದಿದ್ದರೆ ಮಾತ್ರ ಅದು ಆ ಮೆಷಿನ್ನಿನ ನಂಬರ್. ಗೋಡೆಯ ಕಪ್ಪು ಹಲಗೆಯ ಮೇಲೆ ಚಾಕ್‌ಪೀಸಿನಲ್ಲಿ ಗಿರಾಕಿಯ ಊರು, ಮುಂದೆ ನಂಬರ್ ಬರೆಯುವರು. ಹೊಸಕೋಟೆ ಮೂವತ್ತೆರಡು, ಯಲಹಂಕ ನಲವತ್ತು, ಹೀಗೆ. ಒಂದು ಮಗ್ಗದ ಟೈಮಿಂಗ್ ಇನ್ನೊಂದಕ್ಕೆ ಹಾಕಬಾರದು, ಜೋಡಿಯಾಗಿ ತಂದ ಮಗ್ಗವಾದರೂ ಹಾಕಬಾರದು ಎಂದು ನನಗೆ ಹತ್ತು ಸಲ ಹೇಳಿದ್ದಾರೆ. ಮೆಷಿನ್ ಟೆಸ್ಟ್‌ನಲ್ಲಿದ್ದಾಗ ಅದರ ಬೆನ್ನಿಗೆ ಅಂಗೈ ಕೊಟ್ಟು ಕಣ್ಣು ಮುಚ್ಚಿ ಕೂರುವರು. ಮೆಮೊರಿಯ ತಪ್ಪು ಅಂಗೈಗೆ ಗೊತ್ತಾಗುವುದಿಲ್ಲ ಅಣ್ಣ ಎಂದು ನಾನು ರೇಗಿಸುತ್ತಿದ್ದೆ. ಗೊತ್ತಾಗದಿದ್ದರೆ ಬೇಡ, ಕೈಗೆ ಅಭ್ಯಾಸ ತಪ್ಪಬಾರದು ಎನ್ನುವರು. ಆ ಕೈಯೊಂದೇ ಅವರಿಗೆ ಉಳಿದಿದ್ದು, ಅದು ಹೋದರೆ ಮೇಸ್ತ್ರಿಕೆ ಹೋಯಿತು ಎಂಬ ಭಯ ಅವರಿಗಿತ್ತು. ಒಂದು ಸಂಜೆ ಬಾಯಿಬಿಟ್ಟು ಹೇಳಿಯೂ ಇದ್ದರು.

ಅವರು ಬಂದ ಮೇಲೆ ನನ್ನ ಅಂಗಡಿಗೆ ಹೆಸರು ಬಂತು. ಅದು ಅವರ ಹೆಸರೆಂದು ಯಾರಿಗೂ ಹೇಳಲಿಲ್ಲ. ವಿಜಯ್ ಟ್ಯೂನ್ ಮಾಡಿದರೆ ಅದರ ಕಥೆಯೇ ಬೇರೆ ಎಂದು ಗಿರಾಕಿಗಳು ಹೊಗಳುವಾಗ ನಾನು ಹಲ್ಲು ಕಿರಿದುಕೊಂಡು ಸುಮ್ಮನಿರುತ್ತಿದ್ದೆ. ಪಕ್ಕದ ಸ್ಟೂಲಿನಲ್ಲಿ ಭೀಮಣ್ಣ ಅವರವರ ತುಟಿ ನೋಡಿಕೊಂಡು ತಾವೂ ನಗುತ್ತಿದ್ದರು.

ಹೋದ ವರ್ಷ ನವ್ಯಶ್ರೀ ಎಂಬ ಹುಡುಗಿ ತನ್ನ ಮೆಷಿನ್ ತಂದಳು. ನಲ್ಲೂರಿನವಳು, ಏರ್‌ಪೋರ್ಟಿನ ಕೌಂಟರ್‌ನಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದು ಒಂದು ಊರು ಕಟ್ಟುವ ಗೇಮ್ ಆಡುತ್ತಿದ್ದಳು. ಒಂದೂವರೆ ವರ್ಷದಿಂದ ಒಂದೇ ಊರು. ರಸ್ತೆ, ಕೆರೆ, ಶಾಲೆ, ತಮ್ಮೂರಿನಲ್ಲಿರುವಂಥದ್ದೇ ಹುಣಸೆ ತೋಪು, ಎಲ್ಲವನ್ನೂ ಹಾಕಿದ್ದಳು. ಊರು ದೊಡ್ಡದಾಗಿ ಮೆಷಿನ್ ತಡವರಿಸುತ್ತಿದೆ, ಸರಿಮಾಡಿಕೊಡಿ ಎಂದು ಕೇಳಿದಳು. ನಮಗೆ ತೆರೆದು ತೋರಿಸುವಾಗ ಮುಖ ಅರಳಿತ್ತು. ಭೀಮಣ್ಣ ಒಂದೊಂದೇ ಇಳಿಸಿ, ಮೂವತ್ತಾರಕ್ಕೆ ಬಂದು, ಹಲಗೆಯ ಮೇಲೆ ನಲ್ಲೂರು ಮೂವತ್ತಾರು ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿದರು. ಮೂರು ದಿನದ ಟೆಸ್ಟ್ ಇನ್ನೂ ಆಗಬೇಕಿತ್ತು. ಅಷ್ಟರಲ್ಲಿ ಅವರ ನಾದಿನಿಯ ಮನೆ ಗೃಹಪ್ರವೇಶ ಬಂತು. ನಾಲ್ಕು ದಿನ ಸಮೇತನಹಳ್ಳಿಗೆ ಹೋಗುತ್ತೇನೆ, ನೀನು ಟೆಸ್ಟ್ ಓಡಿಸಿಡು ಎಂದು ಹೇಳಿ ಹೋದರು.

ಮಾರನೇ ದಿನವೇ ನವ್ಯಶ್ರೀ ಬಂದಳು. ರಜೆ ಇದೆ, ಇವತ್ತೇ ಬೇಕು ಎಂದಳು. ಇನ್ನೂ ಆಗಿಲ್ಲ ಎನ್ನಲು ನನಗೆ ಏನು ಧಾಡಿ? ಅನ್ನಲಿಲ್ಲ. ಅವಳ ಮುಂದೆ ಜಂಬ ತೋರಿಸಬೇಕಿತ್ತು. ಮೂವತ್ತಾರು ಹಾಕಿದರೆ ಸ್ವಲ್ಪವೇ ಚುರುಕಾಗುತ್ತದೆ, ಹೊಸಕೋಟೆಯವನದು ಇದೇ ಕಂಪನಿ, ಇದೇ ಮಾಡೆಲ್, ಮೂವತ್ತೆರಡರಲ್ಲಿ ಕುದುರೆಯಂತೆ ಓಡಿತ್ತಲ್ಲ ಎಂದುಕೊಂಡು ಆ ಮೂವತ್ತೆರಡನ್ನೇ ಹಾಕಿದೆ. ಟೆಸ್ಟ್ ಹತ್ತು ನಿಮಿಷವೂ ಓಡಿಸಲಿಲ್ಲ. ಗೇಮ್ ನೀರಿನ ಹಾಗೆ ಓಡಿತು. ಅವಳು ಕುಣಿದಾಡಿಕೊಂಡು ಹೋದಳು. ಭೀಮಣ್ಣ ವಾಪಸ್ ಬಂದು ಕೇಳಿದಾಗ, ನಿಮ್ಮ ಮೂವತ್ತಾರೇ ಹಾಕಿದೆ, ಮೂರು ದಿನ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವರು ಚಾಕ್‌ಪೀಸ್ ತೆಗೆದುಕೊಂಡು ಪ್ರಶ್ನೆ ಗುರುತನ್ನು ಬೆರಳಿನಿಂದ ಒರೆಸಿದರು.

ಮೂರು ವಾರ ಕಳೆದು ನವ್ಯಶ್ರೀ ಬಂದಳು. ಊರು ತೆರೆಯುತ್ತಿರಲಿಲ್ಲ. ಫೈಲ್ ಹಾಳಾಗಿದೆ ಎಂದು ಪರದೆ ಹೇಳುತ್ತಿತ್ತು. ಅವಳು ಎತ್ತಿಟ್ಟಿದ್ದ ಕಾಪಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ಆ ಮೂರು ವಾರದ್ದೇ, ಎಲ್ಲದರೊಳಗೂ ಕೊಳೆತ ಸೇರಿತ್ತು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಭೀಮಣ್ಣ ಸ್ಟೂಲಿನ ಮೇಲೆ ಕೂತು ಬೇರೊಂದು ಮೆಷಿನ್ನಿನ ಬೆನ್ನು ಮುಟ್ಟುತ್ತಿದ್ದರು. ಯಾರು ಮಾಡಿದ್ದು ಇದನ್ನು ಎಂದು ಅವಳು ಕೇಳಿದಳು.

ಆಗ ನಾನು ಮಾಡಿದ್ದು ಇಷ್ಟು. ನಿಧಾನವಾಗಿ ಶೋಕೇಸ್ ಕಡೆ ಮುಖ ತಿರುಗಿಸಿದೆ, ಭೀಮಣ್ಣನಿಗೆ ನನ್ನ ತುಟಿ ಕಾಣಬಾರದೆಂದು. ದನಿ ಇಳಿಸಿದೆ, ಅವರ ಬಲಗಿವಿಗೆ ಬೀಳಬಾರದೆಂದು. ಅವರ ಕಿವಿ ಎಷ್ಟು ದೂರಕ್ಕೆ ಕೇಳುತ್ತದೆ ಎಂಬುದು ಅವರ ಹೆಂಡತಿಯಷ್ಟೇ ಚೆನ್ನಾಗಿ ನನಗೆ ಗೊತ್ತಿತ್ತು.

"ಆ ಮೇಸ್ತ್ರಿ ಮಾಡಿದ್ದು, ಮೇಡಂ. ವಯಸ್ಸಾಯ್ತು, ಕೈ ಹಿಡಿತ ತಪ್ಪಿದೆ."

ಹೇಳಿ ಮುಗಿಸಿದಾಗ ನನಗೆ ಮೊದಲು ಅನಿಸಿದ್ದು ನಿರಾಳ. ಇದನ್ನು ಬರೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ, ಆದರೆ ನಿಜ ಅದೇ. ಅವಳು ಜಗಳವಾಡಲಿಲ್ಲ. ಭೀಮಣ್ಣನ ಹತ್ತಿರ ಹೋಗಿ ಮೆಷಿನ್ನನ್ನು ಅವರ ಕೈಗಿಟ್ಟು, ಅವರೆದುರೇ ನಿಂತು, ಯಾಕಣ್ಣ ಹೀಗೆ ಮಾಡಿದಿರಿ ಎಂದು ಕೇಳಿ ಅತ್ತುಬಿಟ್ಟಳು. ಭೀಮಣ್ಣ ಪರದೆ ನೋಡಿದರು, ನನ್ನನ್ನು ನೋಡಿದರು. ಯಾವ ನಂಬರ್ ಹಾಕಿದ್ದೆವು ಎಂದಷ್ಟೇ ಕೇಳಿದರು. ಮೂವತ್ತಾರು ಎಂದೆ. ಮೂರು ದಿನ ಓಡಿತ್ತಾ ಎಂದರು. ತಲೆಯಾಡಿಸಿದೆ. ಅವರು ಎದ್ದು ನಿಂತು ಆ ಮಗಳ ವಯಸ್ಸಿನ ಹುಡುಗಿಗೆ ಎರಡೂ ಕೈ ಮುಗಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಹಲಗೆಯನ್ನು ಪೂರ್ತಿ ಒರೆಸಿ ಮನೆಗೆ ಹೋದರು. ನವ್ಯಶ್ರೀ ಮೆಷಿನ್ನನ್ನು ತೆಗೆದುಕೊಳ್ಳಲಿಲ್ಲ. ಅದರ ಮುಖ ನೋಡಲಾರೆ, ಇಲ್ಲೇ ಇರಲಿ ಎಂದಳು. ನಾನು ಅದನ್ನು ಡ್ರಾಯರಿನ ತಳಕ್ಕೆ ಸೇರಿಸಿದೆ.

ಭೀಮಣ್ಣ ಮತ್ತೆ ಅಂಗಡಿಗೆ ಬರಲಿಲ್ಲ. ನಾಳೆ ಹೋಗಿ ಹೇಳೋಣ ಎಂದುಕೊಳ್ಳುತ್ತಲೇ ಎರಡು ತಿಂಗಳು ತಳ್ಳಿದೆ. ಎಂಟು ಮಗ್ಗ ಇಟ್ಟಿರುವ ಚಿನ್ನಸ್ವಾಮಿ ಒಮ್ಮೆ ಫೋನ್ ರಿಪೇರಿಗೆ ಬಂದು ಗೊಣಗಿದರು. ಭೀಮ ಒಂದು ಮಗ್ಗಕ್ಕೆ ಒಂದು ದಿನ ಹಿಡಿಯುತ್ತಾನೆ, ಸರಿಯಾಗಿ ಓಡುತ್ತಿದ್ದರೂ ಬಿಚ್ಚಿ ಮತ್ತೆ ಕೂರಿಸುತ್ತಾನೆ, ಮೊನ್ನೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಇಲ್ಲ, ಬೇರೆಯವರನ್ನು ಕರೆಸಿ ಎಂದುಬಿಟ್ಟ ಎಂದರು. ನಾನು ಏನೆನ್ನಬೇಕಿತ್ತು? ವಯಸ್ಸಾಯಿತಲ್ಲ ಸ್ವಾಮಿ ಎಂದೆ. ಥೂ ನನ್ನ ಜನ್ಮಕ್ಕೆ.

ಈ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಗುಜರಿ ಲಾರಿಯೊಂದು ನನ್ನ ಅಂಗಡಿಯ ಮುಂದೆ ಟ್ರಾಫಿಕ್‌ನಲ್ಲಿ ನಿಂತಿತು. ಮೇಲೆ ಎರಡು ಮಗ್ಗದ ಚೌಕಟ್ಟುಗಳು. ಒಂದರ ಬಲಬದಿಯಲ್ಲಿ ಅಂಗೈ ಅಗಲದ ಜಾಗ ಮಾತ್ರ ಬಣ್ಣ ಸವೆದು ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ಆ ಜಾಗ ಯಾರ ಕೈ ಸವೆಸಿದ್ದು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಭೀಮಣ್ಣ ತಮ್ಮ ಸ್ವಂತ ಮಗ್ಗಗಳನ್ನೇ ಗುಜರಿಗೆ ಹಾಕಿದ್ದರು. ಲಾರಿ ಹೊರಟುಹೋಯಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ.

ಆಮೇಲಾದರೂ ನೆಟ್ಟಗೆ ಅವರ ಮನೆಗೆ ಹೋದೆನೇ? ಇಲ್ಲ. ಡ್ರಾಯರ್ ತೆಗೆದು ನವ್ಯಶ್ರೀಯ ಮೆಷಿನ್ ಹೊರಗಿಟ್ಟೆ. ಭೀಮಣ್ಣನ ಮೂವತ್ತಾರು ಹಾಕಿ ಟೆಸ್ಟ್ ಶುರುಮಾಡಿದೆ. ಯಾಕೆ ಎಂದು ಬಿಡಿಸಿ ಹೇಳಬೇಕು. ಆ ಮೂವತ್ತಾರರಲ್ಲೂ ಒಂದು ತಪ್ಪು ಬಂದುಬಿಡಲಿ ಎಂಬ ಆಸೆ. ಒಂದೇ ಒಂದು ಬಂದರೂ, ಅವರ ನಂಬರ್ ಹಾಕಿದ್ದರೂ ಫೈಲ್ ಹಾಳಾಗುತ್ತಲೇ ಇತ್ತು, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದುಕೊಂಡು ಬದುಕಬಹುದಿತ್ತು. ಮೂರು ದಿನ ಗಿರಾಕಿಗಳ ನಡುವೆ ಹತ್ತು ನಿಮಿಷಕ್ಕೊಮ್ಮೆ ಆ ಪರದೆಯನ್ನು ಬಗ್ಗಿ ನೋಡಿದೆ. ಬಿಸಿಯೇರಿದರೆ ತಪ್ಪು ಬೇಗ ಬರುತ್ತದೆಂದು ಮೆಷಿನ್ನಿಗೆ ಬಟ್ಟೆ ಕೂಡ ಹೊದಿಸಿದೆ. ಮೂರನೇ ದಿನ ಮುಗಿದಾಗ ತಪ್ಪುಗಳ ಜಾಗದಲ್ಲಿ ಸೊನ್ನೆ ಇತ್ತು.

ಮೆಷಿನ್ ತೆಗೆದುಕೊಂಡು ಹೋಗಿ ಎನ್ನುವ ನೆಪದಲ್ಲಿ ನವ್ಯಶ್ರೀಗೆ ಫೋನ್ ಮಾಡಿ, ಊರು ಹಾಳಾಗಿದ್ದು ನನ್ನಿಂದ ಎಂದು ಹೇಳಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ಹೇಳಿಬಿಟ್ಟೆ. ಆ ಅಣ್ಣನಿಗೆ ಹೇಳಿದಿರಾ ಎಂದಳು ಅವಳು. ಇನ್ನೂ ಇಲ್ಲ ಎಂದೆ. ಫೋನ್ ಇಟ್ಟಳು.

ಸಂಜೆ ಐದಕ್ಕೆ ಕರೇನಹಳ್ಳಿಗೆ ಹೋದೆ. ಮುಂದಿನ ಕೋಣೆಯಲ್ಲಿ ಮಗ್ಗಗಳಿದ್ದ ಜಾಗ ಖಾಲಿ. ನೆಲದಲ್ಲಿ ಬೋಲ್ಟ್ ಕಿತ್ತ ಎಂಟು ಗುಂಡಿಗಳು, ಸುತ್ತ ಎಣ್ಣೆ ಕಲೆ. ಭೀಮಣ್ಣ ಅಲ್ಲೇ ಚಾಪೆ ಹಾಸಿ ಕೂತಿದ್ದರು. ನರಸಮ್ಮನವರು ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದರು. ಬಾಗಿಲು ಬೀದಿಗೇ ತೆರೆದಿತ್ತು, ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಜನ. ಬಾರಪ್ಪ ವಿಜಿ, ಎಷ್ಟು ದಿನ ಆಯಿತು ಎಂದು ಭೀಮಣ್ಣ ಚಾಪೆಯಲ್ಲಿ ಸರಿದು ಜಾಗ ಮಾಡಿಕೊಟ್ಟರು.

ನಾನು ಅವರೆದುರು ಕೂತು, ನರಸಮ್ಮನವರಿಗೆ ಬೆನ್ನು ಮಾಡಿ, ದನಿಯೇ ಇಲ್ಲದೆ ತುಟಿ ಮಾತ್ರ ಆಡಿಸಿ ಹೇಳಿದೆ. ಮಗ್ಗದ ಮನೆಯಲ್ಲಿ ಮಾತಾಡುವ ಹಾಗೆ. ಅವರಿಗೊಬ್ಬರಿಗೆ ತಿಳಿದರೆ ಸಾಕು, ಬೇರೆ ಯಾರಿಗೂ ಕೇಳಬಾರದು ಎಂದು. ಅಲ್ಲಿಯವರೆಗೂ ಹೋಗಿ ಕೂಡ ನನ್ನ ಬುದ್ಧಿ ಬಿಡಲಿಲ್ಲ. ಭೀಮಣ್ಣ ನನ್ನ ತುಟಿಯನ್ನು ಕೊನೆಯವರೆಗೂ ನೋಡಿದರು. ಅವರ ಮುಖ ಬಿಳಿಚಿಕೊಂಡದ್ದು ನನಗೆ ಕಂಡಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು.

"ಈ ಕಿವಿಗೆ ಹೇಳು. ಜೋರಾಗಿ ಹೇಳು."

ಹೇಳಿದೆ. ಇನ್ನೂ ಜೋರಾಗಿ ಎಂದರು. ಮತ್ತೆ ಹೇಳಿದೆ. ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಕೇಳಿಸಲಿಲ್ಲ ಎಂದು ತಲೆಯಾಡಿಸಿದರು. ಕಣ್ಣು ಬಿಡಲಿಲ್ಲ. ಮೂರನೇ ಸಲ ನಾನು ಕಿರುಚಿದೆ. ನಿಮ್ಮ ನಂಬರ್ ನಾನು ಹಾಕಲೇ ಇಲ್ಲ, ಹೊಸಕೋಟೆಯವನದು ಹಾಕಿದೆ, ಟೆಸ್ಟ್ ಓಡಿಸಲಿಲ್ಲ, ನಿಮಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಮುಖ ತಿರುಗಿಸಿ ನಿಮ್ಮ ಹೆಸರು ಹೇಳಿದೆ ಎಂದು ಒಂದೊಂದನ್ನೂ ಕಿರುಚಿದೆ. ಎದುರು ಕಟ್ಟೆಯವರು ಎದ್ದು ನಿಂತಿದ್ದರು. ಪಕ್ಕದ ಮನೆಯಲ್ಲಿ ಯಾರೋ ಮಗ್ಗ ನಿಲ್ಲಿಸಿದರು. ನಾಚಿಕೆಯಿಂದ ನನಗೆ ಅಳು ಬಂತು.

ಭೀಮಣ್ಣ ಕಣ್ಣು ಬಿಟ್ಟರು. ನನ್ನ ಅಳುವಿನ ಮೇಲೆ ಅವರಿಗೆ ಗಮನವೇ ಇರಲಿಲ್ಲ.

"ನನ್ನ ನಂಬರ್ ಆಮೇಲಾದ್ರೂ ಹಾಕಿ ನೋಡ್ದಾ?"

ನೋಡಿದೆ, ಮೂರು ದಿನ ಓಡಿಸಿದೆ ಎಂದೆ.

"ಎಷ್ಟು ತಪ್ಪು ಬಂತು?"

"ಒಂದೂ ಇಲ್ಲ ಅಣ್ಣ."

ಅವರು ತಮ್ಮ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡರು. ಆಮೇಲೆ ಅದನ್ನು ನೆಲಕ್ಕೆ, ಆ ಬೋಲ್ಟ್ ಗುಂಡಿಯ ಪಕ್ಕಕ್ಕೆ ಊರಿದರು. ಅಲ್ಲಿ ಮುಟ್ಟಲು ಏನೂ ಇರಲಿಲ್ಲ. ಕೈಯನ್ನು ಅಲ್ಲೇ ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಕೇಳಿಸ್ತೇನೇ ನರಸೀ? ಒಂದೂ ಇಲ್ವಂತೆ."

ನರಸಮ್ಮನವರ ಮಡಿಲಲ್ಲಿದ್ದ ಅವರೆಕಾಯಿ ಹಾಗೇ ಇತ್ತು. ನಾನು ಎದ್ದೆ. ಭೀಮಣ್ಣ ಎಂದಿನ ದನಿಯಲ್ಲೇ, ಕಾಫಿ ಕುಡಿದು ಹೋಗಪ್ಪ ಎಂದರು. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಒಂದು ಸಲವೂ ನರಸಮ್ಮನವರು ನನ್ನನ್ನು ಕಾಫಿ ಕೊಡದೆ ಕಳಿಸಿದವರಲ್ಲ, ಗಂಡ ಹೇಳುವ ಮೊದಲೇ ಎದ್ದು ಒಳಗೆ ಹೋಗುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಆಯಮ್ಮ ಏಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕಟ್ಟೆಯ ಮೇಲಿನವರ ಮುಂದೆಯೇ ಹಾದು ಬಂದೆ.